ಬೀಚ್ ಹತ್ರ ನೆಂಟರ ಜೊತೆ ಟೆಂಟ್ ಹಾಕೋದು: ಯಾವ್ದು ಮೊದ್ಲು, ಯಾವ್ದು ಆಮೇಲೆ

ಡಿಸೆಂಬರ್ ರಜೆ ಬಂತು ಅಂದ್ರೆ ನಂಗೆ ಒಂದೇ ನಮೂನಿ ಫೋನ್ ಬರ್ತದೆ. ರಾತ್ರಿ ಎಂಟೂವರೆ, ಹಿಂದೆ ಸಮುದ್ರದ ಸದ್ದು, ಯಾವುದೋ ಮಗು ಅಳ್ತಾ ಇರ್ತದೆ, "ಟೆಂಟ್ ನಿಲ್ತಾನೇ ಇಲ್ಲ ಮಾರಾಯಾ, ಒಂದು ಪೋಲ್ ಉಳ್ದೋಯ್ತು, ಎಂತ ಮಾಡೋದು?" ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದೇ ಇಡ್ತಾ ಇದ್ದೇನೆ.

ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ತಪ್ಪು. ನಮ್ಮ ಕಡೆಯವರಿಗೆ ಚಪ್ಪರ ಹಾಕಿ ಅಭ್ಯಾಸ. ಮದುವೆಗೆ, ಉಪನಯನಕ್ಕೆ, ಅಡಿಕೆ ಒಣಗಿಸೋ ಅಟ್ಟಕ್ಕೆ. ಚಪ್ಪರದಲ್ಲಿ ಮೊದ್ಲು ಕಂಬ ಹುಗಿಯೋದು, ಆಮೇಲೆ ಮಾಡು, ಕೊನೆಗೆ ನೆಲ ಸಾರ್ಸೋದು. ಟೆಂಟಿಂದು ಪೂರ್ತಿ ಉಲ್ಟಾ: ಮೊದ್ಲು ನೆಲ, ಆಮೇಲೆ ಪೋಲ್, ಆಮೇಲೆ ಗೂಟ, ಕೊನೆಗೆ ಮೇಲಿನ ಹೊದಿಕೆ. ನಮ್ಮ ಅಪ್ಪಚ್ಚಿ, ಅಂದ್ರೆ ಚಿಕ್ಕಪ್ಪ, "ಆನು (ನಾನು) ಎಷ್ಟ್ ಚಪ್ಪರ ಹಾಕಿದ್ದಿ, ಇದೆಂತಾ ಮಹಾ" ಅಂತ ಗೂಟದ ಚೀಲ ಎತ್ಕೊಂಡು ನಾಲ್ಕು ಮೂಲೆ ಹೊಡೆದೇ ಬಿಟ್ರು, ಆಮೇಲೆ ಪೋಲ್ ಬಗ್ಗಿಸೋಕೆ ಹೋದ್ರೆ ಬಟ್ಟೆ ಅಲ್ಲಾಡ್ಲಿಲ್ಲ, ಫೈಬರ್ ಪೋಲ್ ಚಟ್ ಅಂತು.

ಇಲ್ಲಿ ಹೇಳ್ತಾ ಇರೋದು ಎಲ್ಲ ಕಡೆ ಸಿಗೋ ಗುಮ್ಮಟದ ಆಕಾರದ ಟೆಂಟ್ ಬಗ್ಗೆ, ಎರಡು ಪೋಲ್ ಅಡ್ಡಡ್ಡ ಹೋಗ್ತದಲ್ಲ ಅದು.

1. ಹೊರಡೋ ಮುಂಚೆ ಮನೆ ಅಂಗಳದಲ್ಲಿ ಒಂದ್ಸಲ

ಇದನ್ನ ಬಿಟ್ಟವರೇ ಜಾಸ್ತಿ, ಫೋನ್ ಮಾಡೋರೂ ಅವರೇ. ಹೊಸ ಟೆಂಟನ್ನ ಮೊದ್ಲ ಸಲ ಕತ್ತಲಲ್ಲಿ, ಮರಳಲ್ಲಿ, ಹಸಿದ ಹನ್ನೊಂದು ಜನರ ಎದುರು ಬಿಚ್ಚಬಾರದು. ಹಿಂದಿನ ಭಾನುವಾರ ಅಂಗಳದಲ್ಲಿ ಪೂರ್ತಿ ಹಾಕಿ, ಒಳಗೆ ಹೋಗಿ ಮಲಗಿ ನೋಡಿ. "4 ಜನರ ಟೆಂಟ್" ಅಂತ ಬರೆದದ್ದು ಭುಜಕ್ಕೆ ಭುಜ ತಾಗಿಸಿ ಮಲಗಿದ್ರೆ ಮಾತ್ರ, ತಲೆಗೆ 60 ಸೆಂಟಿಮೀಟರ್ ಸಿಕ್ರೆ ಪುಣ್ಯ. ಇಬ್ಬರು ದೊಡ್ಡವರು, ಒಂದು ಮಗು, ಬ್ಯಾಗು. ಅಷ್ಟೇ ಲೆಕ್ಕ ಹಾಕಿ. ಹನ್ನೊಂದು ಜನಕ್ಕೆ 4 ಜನರದ್ದು ನಾಲ್ಕು ಬೇಕು, ಮೂರು ಒಯ್ದು "ಹೊಂದಿಸ್ಕೊಳ್ಳುವಾ" ಅಂದ್ರೆ ಮಧ್ಯರಾತ್ರಿ ಯಾರೋ ಒಬ್ಬರು ಕಾರಲ್ಲಿ ಕೂತು ನಿದ್ದೆ ಮಾಡ್ತಾರೆ, ಬೆಳಿಗ್ಗೆ ಮುಖ ಊದಿಸ್ಕೊಂಡಿರ್ತಾರೆ.

ಬಿಚ್ಚಿ ಮಡಚುವಾಗ ಗೂಟ ಎಷ್ಟು, ಹಗ್ಗ ಎಷ್ಟು ಅಂತ ಎಣಿಸಿ ಟೆಂಟಿನ ಚೀಲದ ಮೇಲೇ ಮಾರ್ಕರಲ್ಲಿ ಬರೀರಿ. ಪೋಲ್ ತುದಿಗೆ ಮತ್ತೆ ಅದು ಹೊಕ್ಕೋ ಮೂಲೆಗೆ ಒಂದೇ ಬಣ್ಣದ ಟೇಪ್ ಸುತ್ತಿ. ಕತ್ತಲಲ್ಲಿ ಇದೊಂದೇ ಕಾಪಾಡೋದು.

ಟೆಂಟ್ ಜೊತೆ ಬರದೇ ಇರೋ ಸಾಮಾನು, ನೀವೇ ಒಯ್ಯಬೇಕಾದದ್ದು:

- ತಾಡಪಾಲು, ಟೆಂಟಿಗೊಂದು
- ಹಿಂಡಿ ಚೀಲ ಅಥವಾ ಸಿಮೆಂಟ್ ಚೀಲ, ಖಾಲಿದು, ಟೆಂಟಿಗೆ ಆರು
- ಕಬ್ಬಿಣದ ಸರಳಿನ ಗೂಟ, ಒಂದಡಿ ಉದ್ದದ್ದು, ಒಂದು ತುದಿ ಬಗ್ಗಿಸಿದ್ದು
- ಸುತ್ತಿಗೆ, ಕತ್ತಿ, ಒಂದು ಸಣ್ಣ ಗುದ್ದಲಿ
- ನೈಲಾನ್ ಹಗ್ಗ 20 ಮೀಟರ್. ಕತ್ತದ ಹಗ್ಗ ಬೇಡ, ಇಬ್ಬನಿ ಕುಡಿದ ಮೇಲೆ ಅದರ ಬಿಗಿ ನಂಬೋಕಾಗುದಿಲ್ಲ
- ತಲೆಗೆ ಕಟ್ಟೋ ಟಾರ್ಚ್, ಕಮ್ಮಿ ಅಂದ್ರೆ ಎರಡು
- ಡಕ್ಟ್ ಟೇಪ್, ಮತ್ತೆ ಪೋಲ್ ಒಳಗೆ ತೂರೋವಷ್ಟು ಅಗಲದ ಅರ್ಧ ಅಡಿ ಪೈಪ್ ತುಂಡು

ಕೊನೇದು ಮುರಿದ ಪೋಲಿಗೆ. ಮುರಿದ ಜಾಗ ಮಧ್ಯಕ್ಕೆ ಬರೋ ಹಾಗೆ ಪೈಪ್ ತೂರಿಸಿ ಎರಡೂ ಬದಿ ಟೇಪ್ ಸುತ್ತಿದ್ರೆ ಆ ರಾತ್ರಿ ಕಳೀತದೆ.

2. ಜಾಗ ನೋಡೋದು: ಬೆಳಕಿದ್ದಾಗ್ಲೇ

ಡಿಸೆಂಬರಲ್ಲಿ ಆರು ಗಂಟೆ ದಾಟ್ತು ಅಂದ್ರೆ ಸೂರ್ಯ ಮುಳುಗ್ತಾನೆ. ನಾಲ್ಕು ಗಂಟೆಗೆ ಜಾಗದಲ್ಲಿರಬೇಕು. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯೋರು ಕುಮಟಾದಲ್ಲಿ ಚಾ, ಆಮೇಲೆ ಮೀನು, ಆಮೇಲೆ ಇನ್ನೊಬ್ಬ ಅತ್ತೆ ಮನೆ ಅಂತ ನಿಲ್ತಾ ಹೋದ್ರೆ ಮುಗೀತು.

ಮೊದ್ಲ ಪ್ರಶ್ನೆ, ಯಾರ ಜಾಗ? ಎಲ್ಲ ಬೀಚಲ್ಲೂ ರಾತ್ರಿ ಉಳಿಯೋಕೆ ಬಿಡೋದಿಲ್ಲ, ರಿಸರ್ವ್ ಫಾರೆಸ್ಟಲ್ಲಿ ಅನುಮತಿ ಇಲ್ದೇ ಹಾಕಿದ್ರೆ ಕೇಸು. ಕಾರವಾರ ಹತ್ರ ಅರ್ಗಾ ಕಡೆ ನೌಕಾನೆಲೆ ಇದೆ, ಆ ಬೇಲಿ ಹತ್ರ ಸುಳೀಲೇಬೇಡಿ. ನನ್ನ ಮಟ್ಟಿಗೆ ಒಳ್ಳೇದು ಸಮುದ್ರದ ಹಿಂದಿನ ನೆಂಟರ ತೋಟ ಅಥವಾ ಬಾಡಿಗೆಗೆ ಕೊಡೋ ಜಾಗ. ಬಾವಿ ಇರ್ತದೆ, ಪಾಯಿಖಾನೆ ಇರ್ತದೆ, ಅಜ್ಜಿಗೆ ರಾತ್ರಿ ಏಳಬೇಕಾದ್ರೆ ಯೋಚನೆ ಇಲ್ಲ.

ಮರಳಲ್ಲೇ ಹಾಕ್ತೇವೆ ಅಂದ್ರೆ ಭರತ ಎಲ್ಲಿ ತನಕ ಬರ್ತದೆ ನೋಡಿ. ಇಳಿತದಿಂದ ಭರತಕ್ಕೆ ಸುಮಾರು ಆರು ತಾಸು. ನೀವು ಸಂಜೆ ಐದಕ್ಕೆ ನೋಡಿದಾಗ ನೀರು ದೂರ ಇದ್ರೆ ಖುಷಿ ಪಡ್ಬೇಡಿ, ರಾತ್ರಿ ಹನ್ನೊಂದಕ್ಕೆ ಅದು ಹತ್ರ ಬರ್ತದೆ. ಹುಣ್ಣಿಮೆ ಅಮಾಸೆ ದಿನ ಇನ್ನೂ ಮೇಲೆ, ಕಾರವಾರದ ಕಡೆ ಇಳಿತಕ್ಕೂ ಭರತಕ್ಕೂ ನೀರಿನ ಮಟ್ಟ ಸುಮಾರು 2 ಮೀಟರ್ ವ್ಯತ್ಯಾಸ ಆಗ್ತದೆ. ಮರಳಿನ ಮೇಲೆ ಕಸ, ಒಣಗಿದ ಪಾಚಿ, ಚಿಪ್ಪು ಸಾಲಾಗಿ ಬಿದ್ದ ಗೆರೆ ಇರ್ತದಲ್ಲ, ಎರಡು ಮೂರು ಗೆರೆ ಇದ್ರೆ ಎಲ್ಲಕ್ಕಿಂತ ಮೇಲಿನದ್ದು ಹಿಡೀರಿ, ಅದಕ್ಕಿಂತ ಹತ್ತು ಹೆಜ್ಜೆ ಹಿಂದೆ. ಅನುಮಾನ ಇದ್ರೆ ಅಲ್ಲಿನ ಮೀನುಗಾರರನ್ನ ಕೇಳಿ, ಹಾಗೇ ದೋಣಿ ಎಳೆಯೋ ದಾರಿ ಯಾವುದು, ಬೆಳಿಗ್ಗೆ ರಂಪಣಿ ಬಲೆ ಎಳೀತಾರಾ ಅಂತನೂ. ನಸುಕಲ್ಲಿ ಅವರು ಬಂದಾಗ ನಿಮ್ಮ ಹಗ್ಗ ಅವರ ಕಾಲಿಗೆ ಸಿಗಬಾರದು.

ಹಾಕಬಾರದ ಕೆಲವು ಜಾಗ. ತೆಂಗಿನ ಮರದ ಬುಡ: ಕಾಯಿ ಬೀಳೋದು ಎಲ್ಲರಿಗೂ ಗೊತ್ತು, ಒಣ ಹೆಡೆ, ಅಂದ್ರೆ ಗರಿ, ಬಿದ್ರೂ ಟೆಂಟ್ ಹರೀತದೆ ಅನ್ನೋದು ಮರೆತೋಗ್ತದೆ. ಎರಡು ಮರದ ಮಧ್ಯ, ಹೆಡೆ ತಾಗದಷ್ಟು ದೂರ ಹುಡುಕಿ. ಗಾಳಿಮರದ ತೋಪು ನೆರಳಿಗೆ ಚಂದ, ಒಣ ಕೊಂಬೆ ಮಾತ್ರ ನೋಡ್ಕೊಳ್ಳಿ. ಕದ್ರಾ ಡ್ಯಾಮಿನ ಕೆಳಗೆ ಕಾಳಿ ನದಿ, ಗೇರುಸೊಪ್ಪಾ ಡ್ಯಾಮಿನ ಕೆಳಗೆ ಶರಾವತಿ, ಈ ಹೊಳೆಗಳ ಪಾತ್ರದೊಳಗಿನ ಮರಳದಿಬ್ಬದ ಮೇಲೆ ಯಾವತ್ತೂ ಬೇಡ, ನೀರು ಬಿಟ್ರೆ ಮಳೆ ಇಲ್ದೇನೂ ಹೊಳೆ ಏರ್ತದೆ. ಹಾಗೇ ಡಿಸೆಂಬರ್‌ನಿಂದ ಮಾರ್ಚ್ ಹೊತ್ತಿಗೆ ಆಮೆ ಮೊಟ್ಟೆಗೆ ಬೇಲಿ ಕಟ್ಟಿದ್ದು ಕಂಡ್ರೆ ಅಲ್ಲಿಂದ ದೂರ ಹೋಗಿ, ದೊಡ್ಡ ಲೈಟ್ ಹಾಕ್ಬೇಡಿ, ಮರಿಗಳು ಬೆಳಕು ನೋಡಿ ದಿಕ್ಕು ತಪ್ತಾವೆ.

ಘಟ್ಟದ ಮೇಲೆ ಶಿರಸಿ, ಸಿದ್ದಾಪುರ ಕಡೆ ಬ್ಯಾಣದಲ್ಲೋ (ಹುಲ್ಲುಗಾವಲಲ್ಲೋ) ತೋಟದ ಮೇಲೋ ಹಾಕೋರಿಗೆ ಬೇರೆ ಚಿಂತೆ, ಉಣುಗು, ಅಂದ್ರೆ ಉಣ್ಣಿ. ಮಂಗನ ಕಾಯಿಲೆ ಹರಡೋದು ಅದರಿಂದನೇ, ಚಳಿಗಾಲದಿಂದ ಬೇಸಿಗೆ ತನಕ ಅದರ ಕಾಟ. ಒಣ ತರಗೆಲೆ ರಾಶಿ ಮೇಲೆ ಟೆಂಟ್ ಬೇಡ, ತುಂಬು ಪ್ಯಾಂಟು, ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆಯವರು ಕೊಡೋ ಡೆಪಾ ಎಣ್ಣೆ ಕೈಕಾಲಿಗೆ, ಸಂಜೆ ಮಕ್ಕಳ ಮೈ ನೋಡೋದು. ಹತ್ರ ಎಲ್ಲಾದ್ರೂ ಮಂಗ ಸತ್ತು ಬಿದ್ದದ್ದು ಕಂಡ್ರೆ ಮುಟ್ಟದೆ ಆಸ್ಪತ್ರೆಗೆ ತಿಳಿಸಿ, ಟೆಂಟ್ ಅಲ್ಲಿಂದ ಎತ್ತಿ.

3. ಯಾರು ಎಂತ ಮಾಡೋದು

ಒಂದು ಟೆಂಟಿಗೆ ಇಬ್ಬರು ಸಾಕು, ಮೂರನೇಯವ ಟಾರ್ಚ್ ಹಿಡಿಯೋಕೆ. ಐದನೇ ಕೈ ಬಂದ ತಕ್ಷಣ ಬಟ್ಟೆ ಹರೀತದೆ. ಇದನ್ನ ಭಾವಂದಿರಿಗೆ ಹೇಳೋದು ಕಷ್ಟ ಅಂತ ಗೊತ್ತು, ಅದಕ್ಕೆ ಮೊದ್ಲೇ ಅವರಿಗೆ ಬೇರೆ ಕೆಲಸ ಕೊಡಿ: ಚೀಲಕ್ಕೆ ಮರಳು ತುಂಬೋದು, ನೀರು ತರೋದು, ಗುದ್ದಲಿ ಕೆಲಸ.

ಹೇಳೋರು ಒಬ್ಬರೇ ಇರಬೇಕು, ಅದು ಅಂಗಳದಲ್ಲಿ ಹಾಕಿ ನೋಡಿದವರು, ವಯಸ್ಸಲ್ಲಿ ದೊಡ್ಡವರೇ ಆಗಬೇಕು ಅಂತಿಲ್ಲ. ನಮ್ಮನೆಯಲ್ಲಿ ಅತ್ತಿಗೆ. ಅವಳು "ನಿಲ್ಸಿ" ಅಂದ್ರೆ ಅಪ್ಪಚ್ಚಿನೂ ನಿಲ್ಲಿಸ್ಬೇಕು ಅಂತ ಕಾರಲ್ಲೇ ಮಾತಾಗಿರ್ತದೆ. ಗಂಡಸರು ಟೆಂಟು, ಹೆಂಗಸರು ಒಲೆ ಅಂತ ಭಾಗ ಮಾಡಿದ ವರ್ಷ ಅಡುಗೆ ಏಳಕ್ಕೆ ಆಗಿತ್ತು, ಟೆಂಟ್ ಒಂಬತ್ತೂವರೆಗೆ. ಮಕ್ಕಳಿಗೆ ಗೂಟದ ಲೆಕ್ಕ, ಡಬ್ಬಿಯಿಂದ ಎಷ್ಟು ಹೋಯ್ತು ಎಷ್ಟು ಉಳೀತು ಹೇಳ್ತಾ ಇರಬೇಕು. ಅವರಿಗೆ ಕೆಲಸನೂ ಆಯ್ತು, ಹಗ್ಗ ಹಾರೋದೂ ತಪ್ತು.

4. ನೆಲ

ಕಲ್ಲು, ಚಿಪ್ಪು, ಗಾಳಿಮರದ ಕಾಯಿ ಹೆಕ್ಕಿ. ಬರಿಗಾಲಲ್ಲಿ ಓಡಾಡಿದ್ರೆ ಎಲ್ಲ ಸಿಗ್ತದೆ, ಕಣ್ಣಿಗಿಂತ ಕಾಲು ಒಳ್ಳೇದು. ಇಳಿಜಾರಿದ್ರೆ ತಲೆ ಎತ್ತರದ ಬದಿಗೆ.

ಆಮೇಲೆ ತಾಡಪಾಲು. ಇಲ್ಲಿ ಎಲ್ಲರೂ ಮಾಡೋ ತಪ್ಪು, ದೊಡ್ಡದಿದೆ ಅಂತ ಅಂಗಳದ ತರ ಅಗಲಕ್ಕೆ ಹಾಸಿ ಚಪ್ಪಲಿ ಬಿಡೋಕೆ ಜಾಗ ಆಯ್ತು ಅಂತಾರೆ. ಟೆಂಟಿನ ಅಂಚಿಂದ ಹೊರಗೆ ಬಂದ ತಾಡಪಾಲು ಮಳೆ ಇಬ್ಬನಿ ಎಲ್ಲ ಹಿಡಿದು ಸೀದಾ ನಿಮ್ಮ ಚಾಪೆ ಅಡಿಗೆ ಕಳಿಸ್ತದೆ. ಟೆಂಟಿನ ನೆಲಕ್ಕಿಂತ ಸುತ್ತ ನಾಲ್ಕು ಬೆರಳು ಒಳಗಿರಬೇಕು, ಹೆಚ್ಚಾದದ್ದನ್ನ ಅಡಿಗೆ ಮಡಚಿ.

5. ಪೋಲ್

ಒಳ ಟೆಂಟ್ ಹಾಸಿ, ಬಾಗಿಲು ಎಲ್ಲಿ ಬರಬೇಕೋ ಈಗ್ಲೇ ತಿರುಗಿಸಿ, ಜಿಪ್ ಎಲ್ಲ ಹಾಕಿ. ಜಿಪ್ ತೆರೆದಿಟ್ಟು ಪೋಲ್ ಬಗ್ಗಿಸಿದ್ರೆ ಆಮೇಲೆ ಮುಚ್ಚೋಕೆ ಬರೋದಿಲ್ಲ.

ಪೋಲ್ ತುಂಡುಗಳನ್ನ ಒಂದೊಂದಾಗಿ ಕೈಯಲ್ಲೇ ಸೇರಿಸಿ, ಝಾಡಿಸಿ ತಾನೇ ಸೇರ್ಕೊಳ್ಳೋಕೆ ಬಿಡ್ಬೇಡಿ, ತುದಿ ಸೀಳ್ತದೆ. ಪ್ರತಿ ಕೀಲೂ ಪೂರ್ತಿ ಒಳಗೆ ಹೋಗಿದ್ಯಾ ಬೆರಳಲ್ಲಿ ಮುಟ್ಟಿ ನೋಡಿ, ಪೋಲ್ ಮುರಿಯೋದು ಹೆಚ್ಚಾಗಿ ಅರ್ಧ ಸೇರಿದ ಕೀಲಲ್ಲೇ. ಬಟ್ಟೆಯ ತೋಳಿನೊಳಗೆ ಪೋಲನ್ನ ದೂಡಬೇಕು, ಎಳೀಬಾರದು. ಆ ಬದಿ ನಿಂತ ಮಾವ ಸಹಾಯಕ್ಕೆ ಅಂತ ತುದಿ ಹಿಡಿದು ಎಳೆದ ಅಂದ್ರೆ ಒಳಗೆ ಕೀಲು ಬಿಟ್ಕೊಳ್ತದೆ, ರಬ್ಬರ್ ದಾರ ಎಳ್ಕೊಂಡು ಮಧ್ಯದಲ್ಲಿ ಸಿಕ್ಕಾಕ್ಕೊಳ್ತದೆ. ಆ ಬದಿಯವರು ಬಟ್ಟೆ ಮಾತ್ರ ಸರಿಸ್ತಾ ಬರಬೇಕು.

ಎರಡೂ ಪೋಲ್ ಅಡ್ಡ ಹೋದ ಮೇಲೆ ಬಗ್ಗಿಸೋದು. ಇಬ್ಬರು ಎದುರು ಬದುರು ಮೂಲೆಯಲ್ಲಿ. ಒಬ್ಬರು ತುದಿ ಮೂಲೆಯ ಕಣ್ಣಿಗೆ ಹಾಕಿ ಕಾಲಲ್ಲಿ ಒತ್ತಿ ಹಿಡೀರಿ, ಇನ್ನೊಬ್ಬರು ನಿಧಾನಕ್ಕೆ ಒಳಗೆ ದೂಡ್ತಾ ಮೇಲೆತ್ತಿ ತಮ್ಮ ತುದಿ ಸೇರಿಸಿ. ಆಮೇಲೆ ಎರಡನೇ ಪೋಲ್. ಟೆಂಟ್ ಗೂಟ ಇಲ್ದೇನೇ ತಾನಾಗಿ ನಿಂತಿತು ಅಂದ್ರೆ ಸರಿಯಾಗಿದೆ. ಪೋಲ್ ಬಿಲ್ಲಿನ ಹಾಗೆ ಒಂದೇ ಸಮ ಬಾಗಿರಬೇಕು, ಒಂದು ಕಡೆ ಮೊಣಕೈ ತರ ಮಡಚಿದ್ರೆ ಅಲ್ಲೇ ಕೀಲು ಬಿಟ್ಟಿದೆ, ತಕ್ಷಣ ಇಳಿಸಿ.

ಗಾಳಿ ಜೋರಿದ್ರೆ ಈ ಹೊತ್ತಲ್ಲೇ ಟೆಂಟ್ ಹಾರೋದು, ಬಿಟ್ಟು ಹೋಗ್ಬೇಡಿ, ಒಳಗೆ ಎರಡು ಬ್ಯಾಗ್ ಎಸೀರಿ.

6. ಗೂಟ, ಮತ್ತೆ ಮರಳಲ್ಲಿ ಗೂಟದ ಬದಲು

ಮಣ್ಣಿನ ನೆಲ ಆದ್ರೆ: ಗಾಳಿ ಬರೋ ಬದಿ ಮೂಲೆ ಮೊದ್ಲು, ಆಮೇಲೆ ಅದರ ಎದುರಿಂದು ಎಳೆದು ಬಿಗಿ ಮಾಡಿ. ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ತುದಿ ಟೆಂಟಿನ ಅಡಿ ಕಡೆಗೆ, ಸುಮಾರು 45 ಡಿಗ್ರಿ. ಹತ್ತರಲ್ಲಿ ಏಳು ಜನ ಇದನ್ನ ಉಲ್ಟಾ ಹೊಡೀತಾರೆ, ಹಗ್ಗ ಎಳೆದ ಕೂಡ್ಲೇ ಗೂಟ ಕೀಳ್ತದೆ. ನಮ್ಮ ಚಿರೆಕಲ್ಲಿನ ನೆಲದಲ್ಲಿ ಟೆಂಟ್ ಜೊತೆ ಬರೋ ಅಲ್ಯೂಮಿನಿಯಂ ಗೂಟ ಜಡೆಪಿನ್ ತರ ಬಗ್ತದೆ, ಅದಕ್ಕೇ ಸರಳಿಂದು ಹೇಳಿದ್ದು.

ಮರಳಲ್ಲಿ ಈ ಗೂಟ ಯಾವುದೂ ನಿಲ್ಲೋದಿಲ್ಲ. ಹೊಡೆದಾಗ ಬಿಗಿ ಅನಿಸ್ತದೆ, ಮರಳು ಒಣಗ್ತಾ ಹೋದ ಹಾಗೆ ಸಡಿಲ. ಹಿಂಡಿ ಚೀಲಕ್ಕೆ ಅರ್ಧ ಮರಳು ತುಂಬಿ, ಬಾಯಿ ಕಟ್ಟಿ, ಸೊಂಟಕ್ಕೆ ಹಗ್ಗ ಸುತ್ತಿ, ಒಂದೂವರೆ ಅಡಿ ಗುಂಡಿಯಲ್ಲಿ ಅಡ್ಡ ಮಲಗಿಸಿ. ಹಗ್ಗ ಟೆಂಟಿನ ಕಡೆಗೆ ಓರೆಯಾಗಿ ಹೊರಗೆ ಬರಬೇಕು, ಅದಕ್ಕೆ ಆ ಬದಿ ಗುಂಡಿ ಅಂಚನ್ನ ಸ್ವಲ್ಪ ಸೀಳಿ. ಮರಳು ಮುಚ್ಚಿ, ನೀರು ಹಾಕಿ, ಕುಣಿದು ತುಳೀರಿ, ಇದು ಮಕ್ಕಳ ಕೆಲಸ. ಚೀಲ ಕಮ್ಮಿ ಬಿದ್ರೆ ಮೊಳ ಉದ್ದದ ಕಟ್ಟಿಗೆ ತುಂಡಿನ ನಡುವಿಗೆ ಹಗ್ಗ ಕಟ್ಟಿ ಅದನ್ನೇ ಹುಗೀರಿ.

7. ಮೇಲಿನ ಹೊದಿಕೆ ಮತ್ತು ಹಗ್ಗ

ಹೊದಿಕೆಯ ಬಾಗಿಲು ಒಳ ಟೆಂಟಿನ ಬಾಗಿಲಿಗೇ ಬಂತಾ ಮೊದ್ಲು ನೋಡಿ. ಎಲ್ಲ ಬಿಗಿದ ಮೇಲೆ ಬಾಗಿಲು ಹಿಂದೆ ಹೋಗಿದೆ ಅಂತ ಗೊತ್ತಾದ್ರೆ ಆಗೋ ಜಗಳ ಟೆಂಟಿಂದಲ್ಲ, ಹಳೇ ಜಗಳ ಎಲ್ಲ ಅಲ್ಲಿಗೇ ಬರ್ತದೆ. ಹೊದಿಕೆ ಒಳಗೆ ಸಣ್ಣ ಅಂಟುಪಟ್ಟಿ ಇರ್ತದೆ, ಅದನ್ನ ಪೋಲಿಗೆ ಸುತ್ತಿ. ಹೊದಿಕೆ ಒಳ ಟೆಂಟಿಗೆ ಎಲ್ಲೂ ತಾಗಬಾರದು, ಮಧ್ಯೆ ಕೈ ಹೋಗೋವಷ್ಟು ಜಾಗ.

ಈಗ ಹಗ್ಗ. ಸಂಜೆ ಗಾಳಿ ಸಮುದ್ರದಿಂದ ಬೀಸ್ತಾ ಇರ್ತದೆ, ಎಲ್ಲರೂ ಆ ಬದಿಗೆ ಮಾತ್ರ ಎರಡು ಹಗ್ಗ ಕಟ್ಟಿ ಸುಮ್ನಾಗ್ತಾರೆ. ರಾತ್ರಿ ನೆಲ ತಣ್ಣಗಾದ ಮೇಲೆ ಗಾಳಿ ತಿರುಗಿ ಘಟ್ಟದ ಕಡೆಯಿಂದ ಬರ್ತದೆ. ಅದಕ್ಕೆ ನಾಲ್ಕೂ ಬದಿಗೆ ಹಗ್ಗ ಬೇಕು, ಇಲ್ದಿದ್ರೆ ಎರಡು ಗಂಟೆಗೆ ಎದ್ದು ಕಟ್ಟೋದು ನೀವೇ. ಬಿಚ್ಚೋಕೆ ಬರೋ ಸುರುಕು ಗಂಟು ಹಾಕಿ. ಬಾವಿ ಹಗ್ಗದ ಗಂಟು ಹಾಕಿದ್ರೆ ಬೆಳಿಗ್ಗೆ ಕತ್ತಿಯೇ ಗತಿ. ಪ್ರತಿ ಹಗ್ಗಕ್ಕೂ ಬಿಳಿ ಪಂಚೆ ಚೂರು ಕಟ್ಟಿ, ಕತ್ತಲಲ್ಲಿ ಮುಗ್ಗರಿಸಿ ಬೀಳೋದು ಯಾವಾಗ್ಲೂ ವಯಸ್ಸಾದವರೇ.

ಮೇಲಿನ ಗಾಳಿ ಕಿಂಡಿ ತೆರೆದೇ ಇರ್ಲಿ. ಚಳಿ ಅಂತ ಎಲ್ಲ ಮುಚ್ಚಿದ್ರೆ ಮೂರು ಜನರ ಉಸಿರು ಬಟ್ಟೆಗೆ ಹತ್ತಿ ಬೆಳಿಗ್ಗೆ ಹನಿ ಹನಿ ತೊಟ್ಟಿಕ್ಕತದೆ, ಆಮೇಲೆ ಟೆಂಟ್ ಸೋರ್ತದೆ ಅಂತ ಅಂಗಡಿಯವನಿಗೆ ಬೈಗುಳ.

8. ಒಲೆ

ಟೆಂಟಿಂದ ಹತ್ತು ಹೆಜ್ಜೆ ದೂರ, ಗಾಳಿ ಹೋಗೋ ಬದಿಗೆ. ಟೆಂಟಿನ ಒಳಗೆ, ಬಾಗಿಲ ಹತ್ರ, ಮಳೆ ಬಂತು ಅಂತನೂ ಬೇಡ. ಬೆಂಕಿ ಒಂದೇ ಅಲ್ಲ, ಮುಚ್ಚಿದ ಜಾಗದ ಒಲೆಯಿಂದ, ಕೆಂಡದ ಬೋಗುಣಿಯಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದವರು ಏಳೋದಿಲ್ಲ.

ಸಣ್ಣ ಡಬ್ಬಿ ಗ್ಯಾಸಿನ ಒಲೆಯಲ್ಲಿ ನೆಂಟರ ಟ್ರಿಪ್ಪಿಗೇ ಅಂತ ಒಂದು ಅಪಾಯ ಇದೆ: ದೊಡ್ಡ ಪಾತ್ರೆ. ಹನ್ನೊಂದು ಜನಕ್ಕೆ ಅಂತ ಅತ್ತೆ ಮನೆಯ ದೊಡ್ಡ ಬೋಗುಣಿ ಇಟ್ರೆ ಅದು ಬದಿಯ ಡಬ್ಬಿ ಮೇಲೂ ಚಾಚಿಕೊಳ್ತದೆ, ಬಿಸಿ ಕೆಳಗೆ ಬಡಿದು ಡಬ್ಬಿ ಕಾಯ್ತದೆ, ಸಿಡೀತದೆ. ಎರಡು ಒಲೆ ಜೋಡಿಸಿ ಒಂದೇ ಪಾತ್ರೆ ಇಡೋದೂ, ಗಾಳಿಗೆ ಅಂತ ಸುತ್ತ ತಗಡು ಮುಚ್ಚೋದೂ ಅಷ್ಟೇ ಅಪಾಯ. ಗಾಳಿ ಬರೋ ಒಂದು ಬದಿಗೆ ಮಾತ್ರ ಮರೆ ಇಡಿ. ಅಷ್ಟು ಜನಕ್ಕೆ ಸಣ್ಣ ಪಾತ್ರೆಯಲ್ಲಿ ಎರಡು ಸಲ ಅನ್ನ ಮಾಡಿ, ಇಲ್ಲಾ ಕಟ್ಟಿಗೆ ಒಲೆ. ಡಬ್ಬಿ ಹಾಕಿದ ಮೇಲೆ ಸುಯ್ ಅನ್ನೋ ಸದ್ದು ಅಥವಾ ವಾಸನೆ ಬಂದ್ರೆ ಕಡ್ಡಿ ಗೀರ್ಬೇಡಿ, ಬಿಚ್ಚಿ ದೂರ ಇಡಿ.

ಕಟ್ಟಿಗೆ ಒಲೆ ಆರಿಸೋದು ನೀರು ಹಾಕಿ. ಮರಳು ಮುಚ್ಚಿದ ಕೆಂಡ ಬೆಳಿಗ್ಗೆ ತನಕ ಬಿಸಿ ಇರ್ತದೆ, ಮೇಲಿಂದ ನೋಡಿದ್ರೆ ಬರೀ ಮರಳು. ನಮ್ಮನೆ ಮಾಣಿ ಒಬ್ಬ ಅದರ ಮೇಲೇ ಕಾಲಿಟ್ಟಿದ್ದ.

9. ರಾತ್ರಿ ಎಂತ ಕಂಡ್ರೆ ಏಳಬೇಕು

ಬಟ್ಟೆ ಪಟಪಟ ಬಡೀತಾ ಇದ್ರೆ ಹಗ್ಗ ಸಡಿಲ ಆಗಿದೆ, ಎದ್ದು ಎಳೀರಿ, ಸೋಮಾರಿತನ ಮಾಡಿದ್ರೆ ಹೊಲಿಗೆ ಬಿಡ್ತದೆ. ಒಂದು ಪೋಲ್ ಮುಖದ ಕಡೆ ಬಗ್ಗಿ ವಾಪಸ್ ಹೋಗ್ತಾ ಇದ್ರೆ ಗಾಳಿ ಬದಿಯ ಹಗ್ಗ ಕಿತ್ತಿದೆ. ಅಲೆಯ ಸದ್ದು ಮುಂಚೆಗಿಂತ ಹತ್ರ ಕೇಳಿದ್ರೆ ಟಾರ್ಚ್ ಹಿಡಿದು ಗೆರೆ ನೋಡಿ ಬನ್ನಿ, ಮರಳು ಒದ್ದೆ ಆಗ್ತಾ ಬಂದಿದ್ರೆ ಚರ್ಚೆ ಬೇಡ, ಮೊದ್ಲು ಜನ, ಆಮೇಲೆ ಸಾಮಾನು.

ಗುಡುಗು ಕೇಳಿದ್ರೆ, ಅಕ್ಟೋಬರಲ್ಲಿ ಮತ್ತೆ ಏಪ್ರಿಲ್ ಮೇಯಲ್ಲಿ ಇದು ಇದ್ದದ್ದೇ, ಟೆಂಟ್ ಯಾವ ರಕ್ಷಣೆನೂ ಕೊಡೋದಿಲ್ಲ. ಮನೆ ಇಲ್ಲಾ ಕಾರು. ಮರದ ಬುಡ ಬೇಡ.

ಚಪ್ಪಲಿ ಬೂಟು ಒಳಗೇ ಇರ್ಲಿ, ಹೊರಗಿಟ್ಟಿದ್ರೆ ಝಾಡಿಸಿ ಹಾಕ್ಕೊಳ್ಳಿ, ಚೇಳಿಗೆ ಬೆಚ್ಚಗಿನ ಜಾಗ ಇಷ್ಟ. ಜಿಪ್ ಎರಡು ನಿಮಿಷ ತೆರೆದಿದ್ರೂ ಸೊಳ್ಳೆ ತುಂಬ್ತದೆ, ತಿಂಡಿ ಒಳಗೆ ಇಟ್ರೆ ಇರುವೆ.

10. ಬಿಚ್ಚೋದು

ಹಾಕಿದ್ದರ ಉಲ್ಟಾ ಕ್ರಮ: ಹಗ್ಗ, ಹೊದಿಕೆ, ಮೂಲೆಯ ಗೂಟ, ಪೋಲ್, ಕೊನೆಗೆ ತಾಡಪಾಲು. ಇಬ್ಬನಿ ಒಣಗೋ ತನಕ ಕಾಯಿರಿ, ಹೊದಿಕೆ ಮಾತ್ರ ಬಿಸಿಲಿಗೆ ಹಾಕಿದ್ರೆ ಅರ್ಧ ತಾಸು. ಪೋಲ್ ತೆಗೆಯೋವಾಗ್ಲೂ ದೂಡಿಯೇ, ಮಡಚೋದು ಮಧ್ಯದ ಕೀಲಿಂದ ಶುರು ಮಾಡಿ, ಆಗ ರಬ್ಬರ್ ಎರಡೂ ಬದಿ ಸಮ ಎಳೀತದೆ. ಕೀಲಿನ ಮರಳು ಒರೆಸಿ.

ಮನೆಗೆ ಬಂದ ಮೇಲೆ ಜಿಪ್ಪು, ಪೋಲ್ ತುದಿ, ಕಬ್ಬಿಣದ ಗೂಟ ಸಿಹಿ ನೀರಲ್ಲಿ ತೊಳೀರಿ, ಉಪ್ಪು ಉಳಿದ್ರೆ ಮುಂದಿನ ಸಲ ಜಿಪ್ ಕದಲೋದಿಲ್ಲ. ಟೆಂಟನ್ನ ಅಡಿಕೆ ಅಟ್ಟದ ನೆರಳಲ್ಲಿ ಎರಡು ದಿನ ಹರವಿ, ಒದ್ದೆ ಇದ್ದಾಗ ಚೀಲಕ್ಕೆ ತುರುಕಿದ್ದು ನಮ್ಮ ಹವೆಯಲ್ಲಿ ಒಂದೇ ವಾರಕ್ಕೆ ಬೂಷ್ಟು ಹಿಡೀತದೆ.

ಹೊರಡೋ ಮುಂಚೆ ಮರಳು ಚೀಲ ಎಲ್ಲ ಅಗೆದು ತೆಗೆದು ಖಾಲಿ ಮಾಡಿ, ಗೂಟದ ಲೆಕ್ಕ ಮಕ್ಕಳ ಹತ್ರ ಕೇಳಿ, ಚೀಲದ ಮೇಲೆ ಬರೆದ ಸಂಖ್ಯೆಗೆ ಒಂದು ಕಮ್ಮಿ ಬಂದ್ರೂ ಕಾರ್ ಹತ್ತಬೇಡಿ, ಹುಡುಕಿ. ಆ ಮರಳಲ್ಲಿ ನಾಳೆ ನಸುಕಿಗೆ ಬಲೆ ಎಳೆಯೋರು ಬರಿಗಾಲಲ್ಲಿ ಬರ್ತಾರೆ.